ಬಿಳಿ ಪುಡಿಯ ಮೇಲಿನ ಕೆಂಪು ಗೆರೆ

ಎರಡನೇ ಸಲವೂ ಆ ಗೆರೆ ಮೂಡಿತ್ತೆಂದು ಆಣೆ ಮಾಡಿ ಹೇಳಲಾರೆ. ಮೊದಲ ಸಲ ಮೂಡಿದ್ದು ಖಂಡಿತ. ಎಪ್ಪತ್ತರ ದಶಕದ ಕೊನೆ, ಆಯುಧಪೂಜೆಯ ಮರುದಿನ. ಹತ್ತಿ ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನವೊಂದರ ಚಕ್ರದ ಕಾಲನ್ನು ಬಿಚ್ಚಿ, ಅದರ ಪೈಲಟ್ ಮತ್ತು ಮೆಕ್ಯಾನಿಕ್ ಹರಿಹರದ ನಮ್ಮ ವರ್ಕ್‌ಶಾಪಿಗೆ ಪರೀಕ್ಷೆಗೆ ತಂದಿದ್ದರು. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗಿಳಿದ ಬಣ್ಣ ಪುಡಿಯ ಮೇಲೆ ಏಳುತ್ತದೆ. ಬೋಲ್ಟಿನ ತೂತಿನ ಬಳಿ ಕೂದಲೆಳೆಯಷ್ಟು ಎದ್ದಿತು.

ವಿಮಾನದ ಮೆಕ್ಯಾನಿಕ್ ಬಸಣ್ಣ ನಕ್ಕ. “ನಿನ್ನೆ ನಾನೇ ಎಣ್ಣ್ಯಾಗ ಕಲಸಿ ಹಚ್ಚಿದ ಕುಂಕುಮ ರೀ ಅದು! ಡಿಗ್ರಿ ಓದಿದೋರಿಗೆ ದೇವ್ರ ಕುಂಕುಮಾನೂ ಬಿರುಕಾಗಿ ಕಾಣ್ತೈತೆ.”

“ಕುಂಕುಮ ಆಗಿದ್ರೆ ಒರೆಸಿದಾಗ್ಲೇ ಹೋಗ್ತಿತ್ತು. ಈ ಕಾಲು ಬ್ಯಾಡ್ರಿ,” ಎಂದು ಪೈಲಟ್‌ಗೆ ಹೇಳಿದೆ.

ತೊಳೆದು ಮತ್ತೊಮ್ಮೆ ನೋಡಲು ನಮ್ಮ ಮಾಲೀಕರು ಹೇಳಿದರು. ನೋಡಿದೆ. ಗೆರೆ ಮಸುಕಾಗಿ ಬಂತೆಂದು ನನ್ನ ನೆನಪು. ಏನೂ ಬರಲಿಲ್ಲವೆಂದು ಉಳಿದ ಮೂವರೂ ಅಂದರು. “ಸಂಜೆಯೊಳಗ ಹಾರ್ಬೇಕು, ಕಟ್ಟಿ ಕೊಡ್ರಪ್ಪ,” ಎಂದರು ಪೈಲಟ್. ಮಾಲೀಕರು ಕೊಟ್ಟುಬಿಟ್ಟರು. ಅದೇ ವಾರ ಶಾಮನೂರಿನಾಚೆಯ ಬಯಲಿನಲ್ಲಿ ಇಳಿಯುವಾಗ ಕಾಲು ಮುರಿದು ವಿಮಾನ ಮಗುಚಿತು. ಪೈಲಟ್ ಉಳಿಯಲಿಲ್ಲ.

ಆಮೇಲೆ ನನ್ನ ಕಣ್ಣನ್ನಾಗಲಿ ನೆನಪನ್ನಾಗಲಿ ನಾನು ಪೂರ್ತಿ ನಂಬಿದ್ದಿಲ್ಲ. ಮುರಿದ ಕಾಲನ್ನು ಮಾತ್ರ ಹೋಗಿ ನೋಡಿಬಂದೆ. ಬೋಲ್ಟಿನ ತೂತಿನಿಂದ ಹಿಡಿದು, ಹೊಳೆಯುವ ಹೊಸ ಮುರಿತದವರೆಗೂ, ಹಳೆಯ ಬಿರುಕಿನ ಒಳಮೈಗೆ ನಾನು ಹಚ್ಚಿದ ಕೆಂಪು ಬಣ್ಣ ಇಳಿದಿತ್ತು.