ಎರಡು ಡಿಸ್ಕಿಗೂ ಕುಂಕುಮ

ಮುದಿಯಾದ ಯೂನಿಕ್ಸ್ ಸರ್ವರ್‌ಗಳನ್ನು ಸಾಯದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಶಿಕಾರಿಪುರದಲ್ಲಿ ಒಂದು, ಸೊರಬದಲ್ಲಿ ಒಂದು. ಎರಡೂ ಒಬ್ಬರೇ ಯಜಮಾನರ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗಳಲ್ಲಿವೆ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಎನ್ನುವುದೇ ಇಲ್ಲ. ಯಾವ ಬೇರಿಂಗ್ ಯಾವ ಗೂಡಿನಲ್ಲಿದೆ, ಎಷ್ಟು ಬೆಲ್ಟ್ ಉಳಿದಿದೆ ಎಂಬುದೆಲ್ಲ ಅದರ ಹೊಟ್ಟೆಯಲ್ಲಿ. ಹೊಸದು ತಗೊಳ್ಳಿ ಎಂದರೆ ಯಜಮಾನರು, "ದುಡಿಯೋ ಎತ್ತನ್ನ ಯಾರಾದ್ರೂ ಸಂತೆಗೆ ಹೊಡೀತಾರೇನ್ರೀ?" ಎನ್ನುತ್ತಾರೆ. ಆ ಎತ್ತಿನ ಹಿಂದೆ ಓಡಾಡಿ ಸಾಯುವವನು ನಾನು.

ಹಾಗಾಗಿ ಡಿಸ್ಕಿನ ತದ್ರೂಪು ನಕಲು ಮಾಡಿಡುವ ಪದ್ಧತಿ ಇಟ್ಟುಕೊಂಡೆ. ಡಿಸ್ಕ್ ಕೆಟ್ಟರೆ ಎಲ್ಲವನ್ನೂ ಮೊದಲಿನಿಂದ ಕೂರಿಸಲು ಎರಡು ದಿನ ಬೇಕು. ಬೀರುವಿನಲ್ಲಿ ನಕಲು ಇದ್ದರೆ, ಕೆಟ್ಟದ್ದನ್ನು ಎಳೆದು ಇದನ್ನು ತೂರಿಸಿದರಾಯಿತು, ಚಹಾ ಕುಡಿಯುವಷ್ಟರಲ್ಲಿ ಅಂಗಡಿ ನಡೆಯುತ್ತದೆ. ಆದರೆ ಆಗಾಗ ಎರಡನ್ನೂ ಹೊರತೆಗೆದು, ನಕಲು ಮಾಡುವ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂರಿಸಿ, ಹೊಸ ಲೆಕ್ಕವನ್ನು ನಕಲಿಗೂ ಇಳಿಸಬೇಕು. ಎಡಗಡೆಯದರಲ್ಲಿ ಇರುವುದು ಬಲಗಡೆಯದಕ್ಕೆ ಹೋಗುತ್ತದೆ, ಬಲಗಡೆಯದರಲ್ಲಿ ಇದ್ದದ್ದು ಅಳಿಸುತ್ತದೆ. ಎಡಕ್ಕೆ ಇಟ್ಟದ್ದು ಯಾವುದು ಎಂದು ಪೆಟ್ಟಿಗೆ ಕೇಳುವುದಿಲ್ಲ.

ಚೀಟಿ ಅಂಟಿಸಿ ಗುರುತು ಮಾಡಬೇಕಿತ್ತು. ನನ್ನ ಜಾಣತನಕ್ಕೆ ಬೆಂಕಿ ಬೀಳ, ಚೀಟಿ ಯಾಕೆ ಎಂದುಕೊಂಡೆ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಸರ್ವರಿಗೆ ಕುಂಕುಮ ಇಡುವಾಗ ಒಳಗಿನ ಡಿಸ್ಕಿನ ಹಿಡಿಕೆಗೂ ಒಂದು ಬೊಟ್ಟು ಬೀಳುತ್ತಿತ್ತು. ಬೊಟ್ಟು ಇದ್ದದ್ದು ಅಸಲು, ಇಲ್ಲದ್ದು ನಕಲು. ದೇವರೇ ಗುರುತು ಹಾಕಿಕೊಟ್ಟ ಮೇಲೆ ಚೀಟಿ ಬೇರೆ ಬೇಕೇ ಎಂದು ತಮಾಷೆ ಮಾಡುತ್ತಿದ್ದೆ.

ಸೊರಬದ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವವರನ್ನು ನಾನು ಅಕ್ಕ ಎಂದೇ ಕರೆಯುವುದು. ಆನವಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಬಾಯಿ ಜೋರು. ಗಿರಾಕಿಗಳನ್ನು ರೇಗಿಸದೆ ಕಳಿಸಿದವರಲ್ಲ. "ಹಳೇ ಬೇರಿಂಗ್ ತರದೆ ಬೆರಳಲ್ಲಿ ಅಳತೆ ತೋರಿಸ್ತೀಯಲ್ಲೋ, ಮನೆಗೆ ಹೋಗೋಷ್ಟರಲ್ಲಿ ನಿನ್ ಬೆರಳು ದಪ್ಪ ಆದ್ರೆ?" ಎನ್ನುವರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇಂಥ ಬಾಯಿಯ ಹೆಂಗಸು ಆಯುಧಪೂಜೆ ಬಂತೆಂದರೆ ಮಾತ್ರ, ಏನೋ ಕೆಲಸವಿದೆ ಎಂದು ಹಿಂದಿನ ಗೋದಾಮಿಗೆ ಸರಿದುಬಿಡುತ್ತಿದ್ದರು.

ಆ ವರ್ಷ ಅಕ್ಕನ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಅರಿಶಿನ ಶಾಸ್ತ್ರದಲ್ಲಿ ಅಮ್ಮನೇ ಮೊದಲು ಹಚ್ಚಬೇಕು, ಇಲ್ಲದಿದ್ದರೆ ಹಸೆಗೆ ಕೂರುವುದಿಲ್ಲ ಎಂದು ಮಗಳು ಹಟ ಹಿಡಿದಿದ್ದಳು. ಅಕ್ಕನಿಗೆ ಆಸೆ, ಭಯ ಎರಡೂ.

"ಜನ ಅನ್ನೋದು ಹಾಳಾಗ್ಲಿ ತಮ್ಮಾ. ನಂಗೇ ಧೈರ್ಯ ಬರಲ್ಲ. ನನ್ ಕೈ ತಾಗಿ ಮಗೀಗೆ ಏನಾದ್ರೂ ಆದ್ರೆ?"

ನಾನು ಭಾಷಣ ಬಿಗಿದೆ. ಭಾಷಣಕ್ಕೇನು ಬರ? ಆಯುಧಪೂಜೆಯ ದಿನ ಯಜಮಾನರು ಶಿಕಾರಿಪುರದ ಪೂಜೆಯಲ್ಲಿದ್ದರು, ಸೊರಬದ್ದನ್ನು ನನಗೆ ವಹಿಸಿದ್ದರು. ಗೋದಾಮಿಗೆ ಹೋಗಿ ಅಕ್ಕನನ್ನು ಕರೆತಂದು ಕುಂಕುಮದ ತಟ್ಟೆಯನ್ನು ಕೈಗೆ ಕೊಟ್ಟೆ.

"ಈ ಮಷೀನನ್ನ ದಿನಾ ಮುಟ್ಟೋರು ನೀವು. ನೀವಲ್ದೆ ಇನ್ಯಾರಕ್ಕಾ ಹಚ್ಬೇಕು? ಏನಾಗುತ್ತೋ ಆಗ್ಲಿ, ನಾನ್ ನೋಡ್ಕೋತೀನಿ."

ನಾನು ನೋಡಿಕೊಂಡ ಚೆಂದವನ್ನು ಇನ್ನು ಕೇಳಿ.

ಅಕ್ಕ ಮೊದಲು ಬಾಗಿಲ ಕಡೆ ಒಮ್ಮೆ ನೋಡಿದರು. ಸರ್ವರಿಗೆ ಇಟ್ಟರು, ಕೀಬೋರ್ಡಿಗೆ ಇಟ್ಟರು, ಪ್ರಿಂಟರಿಗೆ ಇಡುವಾಗ ಕೈ ಸರಾಗವಾಗಿತ್ತು. ನಾನು ಬೂದುಗುಂಬಳ ಒಡೆಯಲು ಹೊರಗೆ ಹೋದೆ. ಹಬ್ಬ ಮುಗಿದ ಮೇಲೆ ನಕಲು ಮಾಡೋಣ ಎಂದು ಬೀರುವಿನಿಂದ ತೆಗೆದ ನಕಲು ಡಿಸ್ಕ್ ಮೇಜಿನ ಮೇಲಿತ್ತು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಡಬಾರದು, ಪಾಪ, ಎಂದು ಅಕ್ಕ ಅದಕ್ಕೂ ಒಂದು ಬೊಟ್ಟು ಇಟ್ಟರು. ನನಗೆ ಅದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ನಾನು ಒಳಗೆ ಬಂದಾಗ ಅಕ್ಕ ನಗುತ್ತಿದ್ದರು. "ಏನೂ ಆಗ್ಲಿಲ್ಲ ನೋಡು ಮಾರಾಯ! ಆತು ಬಿಡು, ಮಗಳಿಗೂ ನಾನೇ ಹಚ್ತೀನಿ," ಎಂದರು. ಶಿರಾಳಕೊಪ್ಪದ ಮೇಲೆ ಬೈಕಿನಲ್ಲಿ ಊರಿಗೆ ಬರುವಾಗ ನನ್ನ ಎದೆ ಎರಡು ಗೇಣು ಉಬ್ಬಿತ್ತು.

ಹಬ್ಬ ಕಳೆದು ಸೊರಬಕ್ಕೆ ಹೋದೆ. ಸರ್ವರಿನ ಡಿಸ್ಕನ್ನೂ ಎಳೆದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಶಿಕಾರಿಪುರದ ಅಂಗಡಿಯಿಂದ ಫೋನು, ಪ್ರಿಂಟರ್ ಕೈಕೊಟ್ಟಿದೆ ಎಂದು. ಮಾತಾಡುತ್ತಲೇ ಒಂದು ಡಿಸ್ಕ್ ಎತ್ತಿಕೊಂಡೆ. ಬೊಟ್ಟು ಕಂಡಿತು. ಸರಿ, ಅಸಲು ಎಂದು ಎಡಕ್ಕೆ ಇಟ್ಟೆ. ಇನ್ನೊಂದನ್ನು ನೋಡಲೂ ಇಲ್ಲ, ಬಲಕ್ಕೆ ತುರುಕಿ ಗುಂಡಿ ಒತ್ತಿದೆ. ಸರ್ವರ್ ಮತ್ತೆ ಎದ್ದಾಗ ಅದರಲ್ಲಿ ಮಳೆಗಾಲಕ್ಕೆ ಮುಂಚಿನ ದಾಸ್ತಾನು ಇತ್ತು. ಆಮೇಲೆ ಬಂದ ಸಾಮಾನು, ಹೋದ ಸಾಮಾನು, ಯಾವುದೂ ಇರಲಿಲ್ಲ. ಹಳೆಯ ನಕಲನ್ನು ಅಸಲಿನ ಮೇಲೆ ಇಳಿಸಿಬಿಟ್ಟಿದ್ದೆ.

ಕೊಯ್ಲಿನ ತಯಾರಿಯ ದಿನಗಳು, ಕೌಂಟರಿನ ಮುಂದೆ ಜನವೋ ಜನ. ಯಜಮಾನರು ಧಾವಿಸಿ ಬಂದರು. ಬಂದವರು ಮೊದಲು ಕೇಳಿದ್ದು ಒಂದೇ:

"ಈ ಸಲ ಕುಂಕುಮ ಯಾರ್ ಹಚ್ಚಿದ್ರು?"

ನಾನು ತಕ್ಷಣ ಬಾಯಿ ಬಿಟ್ಟೆ. ತಪ್ಪು ನನ್ನದು, ಗುರುತು ಹಾಕಿರಲಿಲ್ಲ, ನೋಡದೆ ಒತ್ತಿದೆ ಎಂದೆ. ಅವರು ಒಪ್ಪಿಕೊಂಡು ನನ್ನನ್ನೇ ಬೈದರು. ಆದರೆ ಆ ಪ್ರಶ್ನೆ ಅಕ್ಕನ ಕಿವಿಗೆ ಬಿದ್ದಾಗಿತ್ತು. ಅಕ್ಕ ಎದ್ದು, ಒಂದೊಂದೇ ಗೂಡಿನ ಸಾಮಾನು ಇಳಿಸಿ ಎಣಿಸಲು ಶುರುಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆಯನ್ನು ಯಾರೂ ಹಾಕಲಿಲ್ಲ, ಅಕ್ಕ ತಾವೇ ಹಾಕಿಕೊಂಡರು. ಅಂದಿನಿಂದ ಗಿರಾಕಿಗಳನ್ನು ರೇಗಿಸುವುದೂ ನಿಂತಿತು.

ಎಣಿಕೆ ಮುಗಿದ ಸಂಜೆ ಎರಡೂ ಡಿಸ್ಕುಗಳನ್ನು ಅಕ್ಕನ ಮುಂದಿಟ್ಟು, ಮಗುವಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದೆ. ಬೊಟ್ಟನ್ನು ನಂಬಿದ್ದು ನನ್ನ ಸೋಮಾರಿತನ, ಎರಡಕ್ಕೂ ಬೊಟ್ಟಿತ್ತು, ನಾನು ನೋಡಲಿಲ್ಲ, ಅಷ್ಟೇ ಎಂದೆ.

ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಎರಡ್ನೇದಕ್ಕೆ ಹಚ್ಚಿದ್ದು ನಾನೇ ಅಲ್ವಾ ತಮ್ಮಾ?" ಎಂದರು.

"ಹೌದಕ್ಕಾ, ಆದ್ರೆ..."

"ನಾನ್ ಹಚ್ಚದೇ ಇದ್ದಿದ್ರೆ ಇದು ಆಗ್ತಿತ್ತಾ?"

ಆಗುತ್ತಿರಲಿಲ್ಲ. ಒಂದು ಸುಳ್ಳು ಹೇಳಬಹುದಿತ್ತು, ನಾನು ಹಾಳಾದ ಲೆಕ್ಕಾಚಾರದ ಮನುಷ್ಯ, ಅದೂ ಹೊಳೆಯಲಿಲ್ಲ.

"ನೀನ್ ಒಳ್ಳೇನು ಮಾರಾಯ," ಎಂದರು ಅಕ್ಕ. "ಅದಕ್ಕೇ ನಿನ್ ಮೈಮೇಲೆ ಎಳ್ಕೊಳ್ತಿದೀಯ."

ಇವತ್ತಿಗೂ ನನ್ನನ್ನು ಕೊರೆಯುವುದು ಇದೇ. ಯಜಮಾನರು ಬೈದದ್ದು ಮರೆತುಹೋಗಿದೆ. ಸತ್ಯ ಹೇಳಿದೆ, ಅದು ಅಕ್ಕನ ಕಿವಿಗೆ ದಾಕ್ಷಿಣ್ಯದ ಮಾತಾಗಿ ಕೇಳಿಸಿತು. ಅವರನ್ನು ಗೋದಾಮಿನಿಂದ ಹೊರಗೆ ಕರೆತಂದವನೂ ನಾನೇ, ಮತ್ತೆ ಒಳಕ್ಕೆ ತಳ್ಳಿದವನೂ ನಾನೇ.

ಮದುವೆಗೆ ಆನವಟ್ಟಿಗೆ ಹೋದೆ. ಹಿಂದಿನ ದಿನದ ಅರಿಶಿನ ಶಾಸ್ತ್ರಕ್ಕೇ ಬರಬೇಕೆಂದು ಅಕ್ಕ ಹೇಳಿದ್ದರು. ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಮಗಳು ಹಸೆಗೆ ಕೂರುವ ಮೊದಲು ನೇರ ನನ್ನ ಹತ್ತಿರ ಬಂದಳು.

"ಮಾಮಾ, ಅಮ್ಮ ಬರಲ್ಲ ಅಂತಾಳೆ. ನೀವಾದ್ರೂ ಹೇಳ್ರಿ. ಅವತ್ತು ನೀವ್ ಹೇಳಿದ್ದಕ್ಕೇ ಒಪ್ಪಿದ್ಲು."

ಅಡುಗೆಮನೆಯಲ್ಲಿ ಅಕ್ಕ ಅರಿಶಿನ ಕಲಸಿ ಮುಗಿಸಿದ್ದರು. ಹೊಗಬಾರದ ಜಾಗಕ್ಕೆ ಹೊಕ್ಕ ಕಳ್ಳನಂತೆ ಬಾಗಿಲಲ್ಲಿ ನಿಂತು, "ಅಕ್ಕಾ," ಎಂದೆ. ಅಷ್ಟೇ ಸಾಕಾಯಿತು.

"ಬೇಡ ತಮ್ಮಾ, ಇನ್ನೊಂದ್ ಸಲ ಹೇಳ್ಬೇಡ. ಅಂಗಡಿ ಸಾಮಾನಿನ ಲೆಕ್ಕ ಹೋತು, ಕೂತು ಮತ್ತೆ ಎಣಿಸ್ದೆ. ನಂಗೆ ಇವಳೊಬ್ಳೇ."

ಅರಿಶಿನದ ಬಟ್ಟಲನ್ನು ನಾದಿನಿಯ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು. ಹೊರಗೆ ಮಗಳು, ನಾನು ಅಮ್ಮನನ್ನು ಕರೆತರುತ್ತೇನೆಂದು ನಂಬಿ, ಹಸೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಮೊದಲ ಕೈ ಕೆನ್ನೆಗೆ ತಾಗಿದಾಗ ನಗುತ್ತಾ ಕಣ್ಣು ತೆರೆದಳು, ಅಮ್ಮನಲ್ಲ ಎಂದು ನೋಡಿ ಮತ್ತೆ ಮುಚ್ಚಿಕೊಂಡಳು.