ಪೋಸ್ಟ್‌ಕಾರ್ಡಿನಷ್ಟು ಕಿಟಕಿ

ಕಳೆದ ವಾರ ಮನೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿದ್ದ ಫೋಟೊಗಳನ್ನು ಅದಕ್ಕೆ ತುಂಬಿಸಿ, ಎಲ್ಲವೂ ಬಂದವೇ ಎಂದು ನೋಡಲು ಫೋಲ್ಡರ್ ತೆರೆದೆ. ಫೋಟೊಗಳಿಗಿಂತ ಮೊದಲು ಕಂಡದ್ದು ಅವುಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗುಂಡಿಗಳು. ಒಂದು ಕತ್ತರಿ, ಒಂದು ಕಸದ ಬುಟ್ಟಿ, ಏನೆಂದು ತಿಳಿಯದ ಇನ್ನಷ್ಟು ಚಿತ್ರಗಳು. ಪತ್ರಿಕೆಯಲ್ಲಿ ಬೇಡದ್ದನ್ನು ತೆಗೆದುಹಾಕುವುದಕ್ಕೇ ಜೀವಮಾನವೆಲ್ಲ ಸಂಬಳ ಪಡೆದ ಉಪಸಂಪಾದಕಿ ನಾನು. ಮದುವೆಮನೆಯ ಎಲೆಯ ಮುಂದೆ ಕೂತಾಗಲೂ ಯಾವ ಪಲ್ಯ ಹೆಚ್ಚಾಯಿತೆಂದು ಲೆಕ್ಕ ಹಾಕುವ ಚಾಳಿ ಇನ್ನೂ ಹೋಗಿಲ್ಲ. ಕೈ ತಾನಾಗಿಯೇ ಆ ಪಟ್ಟಿಯನ್ನು ಮರೆಮಾಡಲು ಹೋಯಿತು. ಹೋಗಿ ಅಲ್ಲೇ ನಿಂತಿತು. ಈ ವಿದ್ಯೆ ಕಲಿಸಿದವರು ನೆನಪಾಗಿದ್ದರು.

ಅವರು ಗುರುಸಿದ್ದಪ್ಪನವರು. ಚಾಮರಾಜಪುರಂನಲ್ಲಿದ್ದ ನಮ್ಮ ಸಂಜೆಪತ್ರಿಕೆಯ ಮುಖ್ಯ ಉಪಸಂಪಾದಕರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಕೆಂಪು ಪೆನ್ನು. ಸಂಜೆಪತ್ರಿಕೆಯೆಂದರೆ ಕೆಲಸವೆಲ್ಲ ಬೆಳಗಿನದು. ಜನ ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಪುಟ ಅಚ್ಚಿಗೆ ಹೋಗಿರಬೇಕು. ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂಬುದು ಅವರ ತೀರ್ಮಾನ. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್‌ಗಳು ಬಂದಾಗ ನಾವೆಲ್ಲ ಮೌಸ್ ಹಿಡಿಯಲು ಹೆದರುತ್ತಿದ್ದೆವು. ಅವರು ಮಾತ್ರ ಎರಡೇ ವಾರದಲ್ಲಿ ಅದನ್ನು ಪಳಗಿಸಿಕೊಂಡರು.

ಪಳಗಿಸಿದ ರೀತಿ ವಿಚಿತ್ರವಾಗಿತ್ತು. ವ್ಯೂ ಮೆನುವಿಗೆ ಹೋಗಿ ಟಿಕ್ ಗುರುತುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದರು. ಮೊದಲು ಗುಂಡಿಗಳ ಸಾಲು ಹೋಯಿತು. ಆಮೇಲೆ ನಾವು ಯಾವ ಫೋಲ್ಡರ್‌ನಲ್ಲಿದ್ದೇವೆಂದು ತಿಳಿಸುವ ಅಡ್ರೆಸ್ ಬಾರ್, ಕೆಳಗಿನ ಪಟ್ಟಿ, ಎಡಗಡೆಯ ಚಿತ್ರಗಳು. ಉಳಿದದ್ದು ಫೈಲುಗಳ ಹೆಸರು ಮಾತ್ರ. ಹಾಗೆ ಉಳಿದ ಕಿಟಕಿಯನ್ನು ಎಳೆದು ಕುಗ್ಗಿಸಿ, ಪೋಸ್ಟ್‌ಕಾರ್ಡಿನಷ್ಟು ಮಾಡಿ, ಪರದೆಯ ನಟ್ಟನಡುವೆ ಇಟ್ಟುಕೊಂಡರು.

"ಏನ್ ಸಾರ್, ಆಫೀಸ್ನೋರು ಇಷ್ಟ್ ದೊಡ್ಡ ಹಜಾರ ಕೊಟ್ಟವ್ರೆ, ನೀವು ದೇವರಮನೇಲೇ ಕೂತ್ಕೊಂಡ್ಬುಟ್ರಲ್ಲ!" ಎಂದು ಕ್ರೀಡಾ ವರದಿಗಾರ ಪ್ರಕಾಶ ಕಿಚಾಯಿಸುತ್ತಿದ್ದ.

"ದೇವರಮನೇಲಿ ನಿನ್ನಂಥೋರ ಕಾಟ ಇರಲ್ಲ ಕಣೋ. ಮೊದಲು ಸ್ಕೋರ್ ಕೊಡು."

ಯಾಕೆ ಸಾರ್ ಇದೆಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಸುದ್ದಿ ಹುಡುಕೋಕೆ ಸುದ್ದಿ ಸಾಕು ಕಣಮ್ಮ. ಈ ಬೀಗದಕೈ ಗೊಂಚಲೆಲ್ಲ ಕತ್ತಿಗೆ ಯಾಕೆ ನೇತಾಕ್ಕೋಬೇಕು?" ಎಂದರು. ಸಂಪಾದನೆಯ ಪಾಠವೇ ಇದು ಎಂದು ನನಗೆ ಅನಿಸಿತು. ಅಂದೇ ನನ್ನ ಯಂತ್ರದಲ್ಲೂ ಎಲ್ಲವನ್ನೂ ಮರೆಮಾಡಿದೆ. ಗುರುವಿನ ಹಾಗೆ ವಿಭೂತಿ ಬಳಿದುಕೊಂಡ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಅವರು ಸ್ಕೂಟರ್ ಬಿಟ್ಟು ಶ್ರೀರಾಂಪುರದಿಂದ ಬಸ್ಸಿನಲ್ಲಿ ಬರತೊಡಗಿದರು. ಸೊಂಟನೋವು ಎಂದರು. ಪಕ್ಕದಲ್ಲಿಟ್ಟ ಟೀ ಲೋಟವನ್ನು ಮೊಣಕೈಯಿಂದ ಉರುಳಿಸಿದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, "ಈ ಬಾಗ್ಲು ಕಟ್ದೋನು ಬಡಕಲ ಕಣಮ್ಮ" ಎಂದು ನಕ್ಕರು. ನಾವೂ ನಕ್ಕೆವು. ನೋಡಿದ್ದನ್ನು ನೆನಪಿಟ್ಟುಕೊಳ್ಳುವುದು ನಮ್ಮ ವೃತ್ತಿ. ನೆನಪಿಟ್ಟದ್ದನ್ನು ಒಂದಕ್ಕೊಂದು ಜೋಡಿಸುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ದಿನಕ್ಕೊಂದು ಫೋಲ್ಡರ್, ಅದಕ್ಕೆ ಆ ದಿನದ ತಾರೀಖೇ ಹೆಸರು. ಒಳಗಿನ ಫೈಲುಗಳಿಗೆ ಮಾತ್ರ ಎಲ್ಲ ದಿನವೂ ಅವೇ ಹೆಸರು: ಕೋರ್ಟು, ಮಾರುಕಟ್ಟೆ, ನಿಧನ. ಒಂದು ಬೆಳಗ್ಗೆ ಗುರುಸಿದ್ದಪ್ಪನವರ ಪರದೆಯ ಮೇಲೆ ಹಿಂದಿನ ದಿನದ ಕಿಟಕಿ ತೆರೆದೇ ಉಳಿದಿತ್ತು. ಅದರ ಮೇಲಂಚಿನಲ್ಲಿ, ತೆಗೆಯಲು ಬಾರದ ಪಟ್ಟಿಯಲ್ಲಿ, ಸಣ್ಣಕ್ಷರದಲ್ಲಿ ತಾರೀಖೂ ಇತ್ತು. ಅವರು ಹೆಸರು ನೋಡಿ ನಿಧನದ ಫೈಲನ್ನು ಪುಟಕ್ಕೆ ಕಳಿಸಿದರು. ಸಂಜೆಯ ಪತ್ರಿಕೆಯಲ್ಲಿ, ಆಗಲೇ ಬೂದಿಯಾಗಿದ್ದವರು ಮತ್ತೊಮ್ಮೆ ತೀರಿಕೊಂಡಿದ್ದರು. ಆ ದಿನ ತೀರಿಕೊಂಡ ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಸುದ್ದಿ, ಸಂಜೆಯ ಅಂತ್ಯಕ್ರಿಯೆಯ ವಿವರದ ಸಮೇತ, ಫೈಲಿನಲ್ಲೇ ಉಳಿಯಿತು.

ಮರುದಿನ ಮೇಷ್ಟ್ರ ಮಗಳು ಕಚೇರಿಗೆ ಬಂದರು. ಕೂಗಾಡಲಿಲ್ಲ. "ಪೇಪರ್ ನೋಡಿ ಅಪ್ಪನ ಶಿಷ್ಯಂದಿರು ಬರ್ತಾರೆ ಅಂತ ಕತ್ತಲಾಗೋವರೆಗೂ ಕಾದ್ವಿ ಸಾರ್. ಕೊನೆಗೆ ಹೆಗಲು ಕೊಡೋಕೆ ಪಕ್ಕದ ಬೀದಿಯಿಂದ ಜನರನ್ನ ಕರ್ಕೊಂಡು ಬರಬೇಕಾಯ್ತು" ಎಂದಷ್ಟೇ ಹೇಳಿ ಹೋದರು.

ಸಂಪಾದಕರು ಪುಟ ಕಟ್ಟುವ ನಾಗರತ್ನಳನ್ನು ಕರೆದು, "ಹಳೇ ಫೈಲ್ ಹಾಕಿದೀಯಲ್ಲಮ್ಮ, ಕಣ್ಣು ಎಲ್ಲಿತ್ತು?" ಎಂದರು. ಅವಳು ಬಾಯಿ ತೆರೆಯುವ ಮೊದಲೇ ಗುರುಸಿದ್ದಪ್ಪನವರು ಎದ್ದು ನಿಂತರು.

"ಅವಳನ್ನ ಕೇಳಬೇಡಿ. ಕಳಿಸಿದೋನು ನಾನು. ನನಗೆ ನೇರಕ್ಕಿರೋದು ಮಾತ್ರ ಕಾಣೋದು. ಸುತ್ತಲಿಂದು ಕಾಣ್ತಾ ಇಲ್ಲ."

ನನಗೆ ಆಗ ಹೊಳೆಯಿತು. ತಮಗೆ ಉಳಿದ ನೋಟದೊಳಗೆ ಹಿಡಿಯುವಷ್ಟು ಆ ಕಿಟಕಿಯನ್ನು ಕುಗ್ಗಿಸಿದ್ದರು. ಅಷ್ಟರೊಳಗೆ ಫೈಲುಗಳು ಹಿಡಿಯಲೆಂದು ಮಿಕ್ಕಿದ್ದನ್ನೆಲ್ಲ ಮರೆಮಾಡಿದ್ದರು. ನಾನು ಪಾಠವೆಂದುಕೊಂಡದ್ದು ಒಬ್ಬ ಮನುಷ್ಯ ತನ್ನ ಕುರ್ಚಿಯನ್ನು ಉಳಿಸಿಕೊಳ್ಳಲು ಪಡುತ್ತಿದ್ದ ಪಾಡು.

ಗ್ಲಾಕೋಮಾ ಎಂದು ವೈದ್ಯರು ಹೇಳಿದರು. ದೃಷ್ಟಿಯನ್ನು ಅಂಚಿನಿಂದ ಒಳಗೊಳಗೆ ತಿನ್ನುತ್ತ ಬರುವ ರೋಗ. ಹೋದದ್ದು ಬರುವುದಿಲ್ಲ, ಬೇಗ ತೋರಿಸಿಕೊಂಡಿದ್ದರೆ ಉಳಿದದ್ದನ್ನು ಕಾಪಾಡಬಹುದಿತ್ತು. ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಅವರು ಕೆಲಸ ಬಿಟ್ಟರು. ನಾನು ಶ್ರೀರಾಂಪುರದ ಮನೆಗೆ ಹೋದಾಗ ಅವರ ಹೆಂಡತಿ ಪಾರ್ವತಮ್ಮ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಒಂದ್ಸಲ ತೋರಿಸ್ಕೊಳ್ರೀ ಅಂತ ಬಡ್ಕೊಂಡೆ ಕಣಮ್ಮ. ತೋರಿಸಿದ್ರೆ ಆಫೀಸ್ಗೆ ಗೊತ್ತಾಗ್ತದೆ, ಮೂಲೇಲಿ ಕೂರಿಸ್ತಾರೆ ಅಂದ್ರು. ಕುರ್ಚಿ ಉಳಿಸ್ಕೊಳ್ಳೋಕೆ ಹೋಗಿ ಕಣ್ಣು ಕಳ್ಕೊಂಡ್ಬುಟ್ರು."

ಆಮೇಲೂ ಆಗಾಗ ಹೋಗುತ್ತಿದ್ದೆ. "ಪಕ್ಕದಲ್ಲಿ ಬೇಡ ಕಣಮ್ಮ, ಎದುರಿಗೆ ಕೂತ್ಕೋ. ಮುಖ ನೋಡ್ಕೊಂಡು ಮಾತಾಡೋಣ" ಎನ್ನುತ್ತಿದ್ದರು. ಪತ್ರಿಕೆ ಓದಿ ಹೇಳುತ್ತಿದ್ದೆ. ತಲೆಬರಹ ಉದ್ದವಾದರೆ ಗೊಣಗುತ್ತಿದ್ದರು. ಕೊನೆಯ ಸಲ ಹೋದಾಗಲೂ ಅಭ್ಯಾಸದಂತೆ ಎದುರಿಗೇ ಕೂತೆ. ಪತ್ರಿಕೆ ಬಿಡಿಸುತ್ತಿದ್ದಂತೆ ಅವರು ಕೇಳಿದರು: "ಎಲ್ಲಿ ಕೂತಿದ್ದೀಯಮ್ಮ?"

ಇದನ್ನೆಲ್ಲ ನೆನೆಯುತ್ತ ಹೊಸ ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. "ಆಗಿಂದ ಪಕ್ಕದಲ್ಲೇ ನಿಂತಿದ್ದೀನಿ, ತಿರುಗಿ ಸಹ ನೋಡಲಿಲ್ವಲ್ಲೇ" ಎಂದರು ನನ್ನ ಗಂಡ, ಊಟಕ್ಕೆ ಕರೆಯಲು ಬಂದವರು.

ಯೋಚನೆಯಲ್ಲಿದ್ದೆ ಎನ್ನಬಹುದಿತ್ತು. ಬಹುಶಃ ಅದು ನಿಜವೂ ಇರಬಹುದು. ಆದರೆ ಈಚೆಗೆ ಎರಡು ಸಲ ಈ ಕೋಣೆಯ ಬಾಗಿಲಿಗೆ ಭುಜ ತಾಗಿಸಿಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ.

"ಕಾಣಲಿಲ್ಲ ಕಣ್ರೀ" ಎಂದೆ. "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ."