ನಾದಬಾರದ ಹಿಟ್ಟು

ಕಚ್ಚಾ ಎಣ್ಣೆಯ ಬೆಲೆ ಕುಸಿದ ಆ ವರ್ಷ ಕೊಲ್ಲಿ ದೇಶದ ನಮ್ಮ ಶಾಲೆಯಲ್ಲಿ ರಸಾಯನಶಾಸ್ತ್ರಕ್ಕೆ ಇಬ್ಬರಿದ್ದೆವು: ನಾನು, ಮತ್ತು ನನಗಿಂತ ಬಹಳ ಹಿರಿಯರಾದ ಐರ್ಲೆಂಡಿನ ಒಬ್ಬ ಟೀಚರ್. ಮುಂದಿನ ವರ್ಷಕ್ಕೆ ಒಬ್ಬರೇ ಸಾಕು ಎಂದು ಆಡಳಿತದವರು ತಿಳಿಸಿದ್ದರು. ಯಾರು ಎಂದು ತಿಳಿಸಿರಲಿಲ್ಲ.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವರು ಕೆಳಗೆ, ನಾನೂ ಅವ್ವನೂ ಮೇಲೆ. ಶಾಲೆಗೆ ರಜೆಯಿರುವ ಶುಕ್ರವಾರ ಬೆಳಿಗ್ಗೆ ಅವರ ಮನೆಯಲ್ಲಿ ಇಬ್ಬರೂ ಸೇರಿ ಅವರ ಊರಿನ ಬ್ರೌನ್ ಬ್ರೆಡ್ ಮಾಡುತ್ತಿದ್ದೆವು. ಆ ಸುದ್ದಿ ಬಂದ ವಾರವೂ ನಾನು ಹೊರಟಾಗ ಅವ್ವ ಬಾಗಿಲಿಗೆ ಬಂದಳು.

"ನಾಳೆ ಒಬ್ಬಾಕಿ ಕೆಲಸ ಹೋತಂದ್ರ ಇನ್ನೊಬ್ಬಾಕಿ ಮಾರಿ ಹೆಂಗ ನೋಡ್ತೀ, ತಂಗಿ? ಈಗಿಂದನ ದೂರ ಇರು."

"ಬ್ರೆಡ್ ಮಾಡಾಕ ಹೊಂಟೀನವ್ವಾ, ಅಷ್ಟ."

"ಆತು ಹೋಗು. ಹೋದ ವಾರದಂಗ ಕಲ್ಲು ಮಾಡ್ಕೊಂಡು ಬರಬ್ಯಾಡ."

ಅದು ನಿಜ. ವಿಜಯಪುರದ ಕೈ ನನ್ನದು. ಹಿಟ್ಟು ಸಿಕ್ಕರೆ ಮೆತ್ತಗಾಗುವವರೆಗೂ ನಾದುತ್ತದೆ. ಈ ಬ್ರೆಡ್ಡಿಗೆ ಅದು ಆಗದು. ಗೋಧಿ ಹಿಟ್ಟು, ಒಂದಿಷ್ಟು ಬೂಸಾ, ಉಪ್ಪು, ಅಡುಗೆ ಸೋಡಾ. ಮಜ್ಜಿಗೆಯ ಬದಲಿಗೆ ಅಂಗಡಿಯ ಲಬನ್, ಅದೂ ಮಜ್ಜಿಗೆಯಂತೆ ಹುಳಿ. ಹುಳಿ ಸೋಡಾಕ್ಕೆ ತಗುಲಿದ ಕ್ಷಣವೇ ಗಾಳಿ ಹುಟ್ಟುತ್ತದೆ. ನಾದಿದರೆ ಅದು ಹೊರಟುಹೋಗಿ ಹಿಟ್ಟು ಬಿಗಿಯುತ್ತದೆ. ತರಗತಿಯಲ್ಲಿ ಇದೇ ಕ್ರಿಯೆಯನ್ನು ಬೋರ್ಡಿನ ಮೇಲೆ ಬರೆಯುವವಳು ನಾನು. ಕೈಗೆ ಮಾತ್ರ ಅದು ತಲುಪಿರಲಿಲ್ಲ.

"ಚಪಾತಿಯಲ್ಲ ಇದು. ಕೈ ತೆಗಿ!" ಎಂದು ಅವರು ನನ್ನ ಬೆರಳಿಗೆ ಚಮಚದಿಂದ ಬಡಿಯುತ್ತಿದ್ದರು. ಕೆಲಸದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಗುರುವಾರ ನಿರ್ಧಾರ ಬಂತು. ಉಳಿದದ್ದು ನಾನು. ಅವರು ಕಲಿಸುವುದರಲ್ಲಿ ನನಗಿಂತ ಮೇಲು. ನನ್ನ ಸಂಬಳ ಕಡಿಮೆ. ಇಷ್ಟು ಯಾರೂ ಹೇಳದೆಯೂ ತಿಳಿಯುವಂಥದ್ದು.

ಮರುದಿನ ಅವ್ವ ಹೋಗಬೇಡ ಎನ್ನಲಿಲ್ಲ. ಪ್ರತಿ ವಾರ ಅವರಿಗೆಂದು ಏನಾದರೂ ಸಿಹಿ ಕೊಟ್ಟು ಕಳಿಸುವವಳು, ಅಂದು ಡಬ್ಬಿಗೆ ಹಾಕಿದ್ದ ಶೇಂಗಾ ಹೋಳಿಗೆ ತೆಗೆದು ಶೇಂಗಾ ಚಟ್ನಿಪುಡಿ ತುಂಬಿದಳು.

"ಇವತ್ತ ಸಿಹಿ ಒಯ್ದರ, ಗೆದ್ದ ಸಂತೋಷಕ್ಕ ತಂದಾಳ ಅಂತ ಆಗತೈತಿ."

ಶುಭಸುದ್ದಿಗೆ ಸಿಹಿ ಹಂಚುವ ನಮ್ಮ ಪದ್ಧತಿ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಅವ್ವ ಮಾಡಿದ್ದು ಸರಿ ಅನಿಸಿತು.

ಬಾಗಿಲು ತೆರೆದವರ ಕಣ್ಣು ಕೆಂಪಗಿತ್ತು. ನನಗಾಗಿ ಕಾದಿರಲಿಲ್ಲ, ಬ್ರೆಡ್ ಆಗಲೇ ಬೆಂದು ಬಟ್ಟೆಯಲ್ಲಿ ಸುತ್ತಿಟ್ಟಾಗಿತ್ತು. ನಾನು ಕೂರುವ ಮೊದಲೇ ಕೇಳಿದರು: "ಆಡಳಿತದವರು ನಿನ್ನನ್ನೇ ಕೇಳಿದ್ದರೆ, ನಿನ್ನ ಬದಲು ನನ್ನನ್ನು ಇಟ್ಟುಕೊಳ್ಳಿ ಅನ್ನುತ್ತಿದ್ದೆಯಾ?"

"ಇಲ್ಲ," ಅಂದೆ.

"ನಾನೂ ಅನ್ನುತ್ತಿರಲಿಲ್ಲ. ನೀನು ಸುಳ್ಳಿಗೆ ಹೌದು ಅಂದಿದ್ದರೆ ಈಗಲೇ ಮೇಲಿನ ಮನೆಗೆ ಕಳಿಸಿಬಿಡುತ್ತಿದ್ದೆ. ಬೆಣ್ಣೆ ತೆಗಿ."

ಹೊರಗೆ ಮಸೀದಿಯಲ್ಲಿ ಜುಮ್ಮಾ ನಮಾಜಿನ ಬಾಂಗ್ ಆಗುತ್ತಿತ್ತು. ಬೆಣ್ಣೆ ಸವರಿ, ಅವ್ವನ ಚಟ್ನಿಪುಡಿ ಉದುರಿಸಿ ತಿಂದೆವು. ಎರಡನೇ ತುಂಡು ಕತ್ತರಿಸುತ್ತ ಅವರು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಮಾತು ತೆಗೆದರು. "ಅವಳಿಗೆ ಉತ್ತರ ಗೊತ್ತಿರುತ್ತದೆ, ಕೈ ಎತ್ತುವುದಿಲ್ಲ. ಸ್ವಲ್ಪ ಕಾಯಬೇಕು. ನೀನು ಬೇಗ ಮುಂದಿನವರನ್ನು ಕೇಳಿಬಿಡುತ್ತೀ."

ಕಾಯುತ್ತೇನೆ ಅಂದೆ. ಅವರು ಇನ್ನೊಬ್ಬನ ಹೆಸರು ಹೇಳಿದರು, ಆಮೇಲೆ ಮತ್ತೊಬ್ಬಳದು. ತಟ್ಟೆ ಬರಿದಾದ ಮೇಲೂ, ತಮ್ಮ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ನನಗೆ ಒಪ್ಪಿಸುತ್ತ ಕುಳಿತರು.